ಕೇಳಿ ಹೂಳಿದವರು

ಎಸ್ಟೇಟ್ ಲೈನ್, ಮಲ್ಲಂದೂರು
14 ಜೂನ್ 2000

ಮಗಳು ಮೋನಿಕಾಳಿಗೆ,

ನೀನು ಹೇಳಿದಂತೆ ಈ ಕಾಗದವನ್ನೂ ಶಾಲೆಯ ವಿಳಾಸಕ್ಕೇ ಹಾಕುತ್ತಿದ್ದೇನೆ. ಕಡೂರಿನಲ್ಲಿ ಮಳೆ ಬಂತೋ ಇಲ್ಲವೋ. ಇಲ್ಲಿ ಹಿಡಿದುಕೊಂಡಿದೆ.

ದೊಡ್ಡ ಸಾವ್ಕಾರರು ತೀರಿಕೊಂಡು ಮೂರು ತಿಂಗಳಾಯಿತು. ಈಗ ತೋಟ ನೋಡುತ್ತಿರುವವರು ಅವರ ಮಗ ಪ್ರಶಾಂತ್. ಒಳ್ಳೆಯ ಮನುಷ್ಯ. ನನ್ನನ್ನು ‘ನೀವು’ ಎನ್ನುತ್ತಾರೆ. ಇಪ್ಪತ್ತೆಂಟು ವರ್ಷ ಮೇಸ್ತ್ರಿಯಾಗಿದ್ದರೂ ದೊಡ್ಡವರ ಬಾಯಲ್ಲಿ ನಾನು ‘ಏನ್ಲಾ ಚಿಕ್ಕ’ ಆಗಿದ್ದೆ. ಹಾಗಾಗಿ ಮೊದಲ ದಿನ ಅವರು ‘ನೀವು’ ಎಂದಾಗ ನನ್ನ ಹಿಂದೆ ಯಾರೋ ನಿಂತಿದ್ದಾರೆಂದು ತಿರುಗಿ ನೋಡಿದೆ.

ಮೊನ್ನೆ ಕೆಲಸ ಕೇಳಿಕೊಳ್ಳಲು ಬಂಗಲೆಗೆ ಹೋದಾಗ ಹಿತ್ತಿಲ ಗೋಡೆಯ ಗೂಡಿನಲ್ಲಿ ನಮ್ಮ ಲೋಟಗಳಿರಲಿಲ್ಲ. ಲೈನಿನ ಕೂಲಿಯವರಿಗೆ ಕಾಫಿ ಕೊಡಲೆಂದು ಬೇರೆ ಇಟ್ಟಿದ್ದ ಆರು ಲೋಟ ನಿನಗೆ ನೆನಪಿರಬಹುದು. ನಾನು ಹುಡುಕುತ್ತಿದ್ದುದನ್ನು ಸಣ್ಣ ಸಾವ್ಕಾರರು ನೋಡಿದರು.

“ಅದನ್ನೆಲ್ಲ ಗುಜರಿಗೆ ಹಾಕ್ಸಿದೆ ಚಿಕ್ಕಯ್ಯ. ನಾಚಿಕೆ ಆಗ್ಬೇಕು ನಮ್ಗೆ. ಬನ್ನಿ, ಮೇಲೆ ಬನ್ನಿ. ಕೂತ್ಕಳಿ.”

ಜಗುಲಿಯ ಬೆತ್ತದ ಕುರ್ಚಿಯಲ್ಲಿ ಕೂರಿಸಿ ಮನೆಯವರು ಕುಡಿಯುವ ಪಿಂಗಾಣಿ ಕಪ್ಪಿನಲ್ಲಿಯೇ ಕಾಫಿ ಕೊಟ್ಟರು. ಕುಡಿದು ನಲ್ಲಿಗೆ ಹೋಗಿ ಕಪ್ಪು ತೊಳೆದು ಮೋಟುಗೋಡೆಯ ಮೇಲೆ ಬೋರಲು ಹಾಕಿದೆ. ಬಾಗಿಲ ಸಂದಿಯಲ್ಲಿ ಅವರ ತಾಯಿ ವಿಮಲಮ್ಮನವರು ನಿಂತಿದ್ದರು.

ಲೈನಿಗೆ ಬಂದರೆ ಪಕ್ಕದ ಮನೆಯ ಅಣ್ಣಮ್ಮ, “ಏನ್ ಮಾವ, ಕುರ್ಚಿಗೆ ಮುಳ್ಳಿತ್ತಾ? ಎದ್ದು ಓಡಿ ಬಂದಂಗಿದೆ” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಬಿಸಿಲಿನ ಊರು, ನೀರು ಕುದಿಸಿ ಕುಡಿ.

ನಿನ್ನ ಕಾಗದ ಕಾಯುತ್ತಿರುವ
ಅಪ್ಪ, ಚಿಕ್ಕಯ್ಯ

* * *

ಕಡೂರು
2 ಜುಲೈ 2000

ಅಪ್ಪಾ,

ಕಪ್ಪನ್ನು ನೀನೇಕೆ ತೊಳೆದೆ? ಎರಡು ವಾರದಿಂದ ಇದೇ ಪ್ರಶ್ನೆ ತಲೆಯಲ್ಲಿದೆ. ಯಾರೂ ತೊಳೆ ಎನ್ನಲಿಲ್ಲ. ಅಲ್ಲೇ ಇಟ್ಟು ಎದ್ದು ಬರಬಹುದಿತ್ತು. ಅವರು ಲೋಟ ಎಸೆದರೂ ನೀನು ಎಸೆಯಲಿಲ್ಲ.

ನಿಮ್ಮ ಕಾಲದವರು ಸಹಿಸಿಕೊಂಡರು. ಬೇರೆ ದಾರಿ ಇರಲಿಲ್ಲ, ಒಪ್ಪುತ್ತೇನೆ. ಈಗ ಇದೆ.

ನಮ್ಮ ಶಾಲೆಯಲ್ಲಿ ಕಳೆದ ವಾರ ‘ಇಂದಿನ ಸಮಾಜದಲ್ಲಿ ಸಹನೆ’ ಎಂಬ ವಿಷಯದ ಮೇಲೆ ಭಾಷಣ ಸ್ಪರ್ಧೆಯಿತ್ತು. ಮಕ್ಕಳನ್ನು ತಯಾರು ಮಾಡಿದವಳು ನಾನು. ಬೇರೆಯವರ ಜಾತಿ, ಧರ್ಮ, ನಂಬಿಕೆಗಳನ್ನು ಸಹಿಸಿಕೊಳ್ಳಬೇಕು ಎಂದು ಬರೆಸಿದೆ. ಏಳನೆಯ ತರಗತಿಯ ರಕ್ಷಾ ಎದ್ದು ನಿಂತು, “ಮಿಸ್, ನೋವಾದ್ರೆ ತಾನೆ ಸಹಿಸ್ಕಳೋದು? ಅವ್ರು ಪಕ್ಕದಲ್ಲಿ ಇರೋದೇ ನಮ್ಗೆ ನೋವಾ?” ಎಂದಳು. ಗಂಟೆ ಹೊಡೆಯಿತು. ನಾಳೆ ಹೇಳುತ್ತೇನೆಂದು ಬಂದೆ. ಇನ್ನೂ ಹೇಳಿಲ್ಲ.

ಮನೆ ಚೆನ್ನಾಗಿದೆ. ಕೆಳಗೆ ಮನೆಯ ಒಡತಿ ಶಿವಗಂಗಮ್ಮ, ಮೇಲೆ ನಾನು. ನನ್ನ ಹೆಸರು ಕೇಳಿ, “ಇದೆಂಥ ಹೆಸರೇ ತಾಯಿ” ಎಂದು ನಕ್ಕರು. ಬೇರೇನೂ ಕೇಳಲಿಲ್ಲ. ಅಮ್ಮ ಆಸ್ಪತ್ರೆಯ ನರ್ಸಿನ ಹೆಸರನ್ನೇ ನನಗಿಟ್ಟದ್ದು ಉಪಯೋಗಕ್ಕೆ ಬಂತು.

ನೀನು ಬರುವುದನ್ನು ಸ್ವಲ್ಪ ಮುಂದೆ ಹಾಕು. ಈಗ ಶಾಲೆಯಲ್ಲಿ ಕೆಲಸ ಜಾಸ್ತಿ. ನಾನೇ ಬರುತ್ತೇನೆ.

ಮೋನಿಕಾ

* * *

ಎಸ್ಟೇಟ್ ಲೈನ್, ಮಲ್ಲಂದೂರು
18 ನವೆಂಬರ್ 2001

ಮಗಳಿಗೆ,

ಒಂದು ಸಮಾಚಾರ ಬರೆಯಬೇಕಾಗಿದೆ.

ಗಾಳಿಕಟ್ಟೆಯಲ್ಲಿ ಪೇಟೆಯವರು ಬಂದು ನಾಲ್ಕು ದಿನ ಇದ್ದು ಹೋಗುವಂಥ ಕಾಟೇಜು ಕಟ್ಟುತ್ತಾರಂತೆ. ಅಲ್ಲಿ ನಿಂತರೆ ಕೆಳಗಿನ ಕಣಿವೆಯೆಲ್ಲ ಕಾಣುತ್ತದೆ, ಅದಕ್ಕೆ. ಗಾಳಿಯ ಹೊಡೆತಕ್ಕೆ ಕಾಫಿ ನಿಲ್ಲದ ಜಾಗ ಎಂದೇ ಸಣ್ಣ ಸಾವ್ಕಾರರ ಅಜ್ಜ ಅದನ್ನು ನಮ್ಮ ಹೆಣಗಳಿಗೆ ಬಿಟ್ಟದ್ದು. ಆಗ ಕಣಿವೆಯನ್ನು ನೋಡಲು ಯಾರೂ ಬರುತ್ತಿರಲಿಲ್ಲ.

ಸಣ್ಣ ಸಾವ್ಕಾರರು ಲೈನಿನವರನ್ನೆಲ್ಲ ಜಗುಲಿಗೆ ಕರೆದು ಕೂರಿಸಿ ಹೇಳಿದರು. “ನಿಮ್ಮೆಲ್ರ ಒಪ್ಪಿಗೆ ಇದ್ರೆ ಮಾತ್ರ. ನಾನು ಬಲವಂತ ಮಾಡೋನಲ್ಲ. ಹಳ್ಳದ ಹತ್ರ ಬೇರೆ ಜಾಗ ಕೊಡ್ತೀನಿ. ಇರೋ ಸಮಾಧಿಗಳನ್ನ ಪೂಜೆ ಮಾಡ್ಸೇ ಸಾಗ್ಸೋಣ.”

ಕೈ ಮುಗಿದು ಎದ್ದೆವು. ಹೊರಗೆ ಬಂದ ಮೇಲೆ ನಮ್ಮೆಲ್ಲರಿಗಿಂತ ಹಿರಿಯನಾದ ನಿಂಗಯ್ಯ, “ಬಲವಂತ ಮಾಡಿದ್ರೆ ಆಗಲ್ಲ ಅನ್ಬಹುದಿತ್ತು ಮಾರಾಯ. ಹಿಂಗೆ ಕೇಳಿದ್ರೆ ಏನಂತ ಹೇಳದು?” ಎಂದ.

ಹಳ್ಳದ ಜಾಗ ನಿನಗೆ ಗೊತ್ತು. ಆಷಾಢದಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ.

ಗಾಳಿಕಟ್ಟೆಯಲ್ಲಿ ನಿನ್ನಮ್ಮನ ಎಡಕ್ಕೆ ಒಬ್ಬರು ಮಲಗುವಷ್ಟು ಜಾಗ ಬಿಟ್ಟಿದ್ದೇನೆ. ಐದು ವರ್ಷದಿಂದ ಅಲ್ಲಿ ಯಾರನ್ನೂ ಇಡಲು ಬಿಟ್ಟಿಲ್ಲ. ಅದು ನನಗೆ ಎಂದು ಲೈನಿಗೆಲ್ಲ ಗೊತ್ತು. ನನಗೆ ಬೇರೇನೂ ಬೇಕಾಗಿಲ್ಲ. ಇದನ್ನು ಯಾರಿಗೆ ಹೇಳಬೇಕೋ ತಿಳಿಯದೆ ನಿನಗೆ ಬರೆದೆ.

ಅಪ್ಪ, ಚಿಕ್ಕಯ್ಯ

* * *

ಮಲ್ಲಂದೂರು
10 ಡಿಸೆಂಬರ್ 2001

ಕುಮಾರಿ ಮೋನಿಕಾ ಅವರಿಗೆ,

ವಂದನೆಗಳು. ನಿಮ್ಮ ಪತ್ರ ತಲುಪಿತು. ಗಾಳಿಕಟ್ಟೆಯನ್ನು ಸ್ಮಶಾನವೆಂದು ದಾಖಲೆ ಮಾಡಬೇಕೆಂದು ತಹಶೀಲ್ದಾರರಿಗೆ ಕೊಟ್ಟ ಅರ್ಜಿಯ ಪ್ರತಿಯನ್ನೂ ಓದಿದೆ. ಬೇಸರವಿಲ್ಲ. ನಮ್ಮ ಲೈನಿನ ಹುಡುಗಿಯೊಬ್ಬಳು ಇಷ್ಟು ಚೆನ್ನಾಗಿ ಬರೆಯುತ್ತಾಳೆ ಎಂದು ಹೆಮ್ಮೆಯೇ ಆಯಿತು.

ನನ್ನ ತಂದೆಯವರ ಕಾಲದ ರೀತಿನೀತಿಗಳನ್ನು ನಾನು ಸಮರ್ಥಿಸುವುದಿಲ್ಲ. ಮನೆಯೊಳಗೆ ವಿರೋಧ ಕಟ್ಟಿಕೊಂಡೇ ಅವನ್ನು ನಿಲ್ಲಿಸಿದ್ದೇನೆ. ಅಮ್ಮ ಆರು ತಿಂಗಳು ಜಗುಲಿಗೆ ಬರುವುದನ್ನೇ ಬಿಟ್ಟಿದ್ದರು. ಇದನ್ನು ಉಪಕಾರವೆಂದು ಹೇಳಿಕೊಳ್ಳುತ್ತಿಲ್ಲ. ನಾನು ಎಲ್ಲರ ನಂಬಿಕೆಯನ್ನೂ ಗೌರವಿಸುವವನು ಎಂದು ತಿಳಿಯಲಿ ಎಂದು ಬರೆದೆ.

ಕಾಫಿಗೆ ಬೆಲೆಯಿಲ್ಲದ ಈ ದಿನಗಳಲ್ಲಿ ತೋಟ ಉಳಿದರೆ ಲೈನೂ ಉಳಿಯುತ್ತದೆ. ನಾನು ಯಾರನ್ನೂ ಒತ್ತಾಯಿಸಿಲ್ಲ. ನಿಮ್ಮ ತಂದೆಯವರನ್ನೇ ಕೇಳಿ. ಸರ್ಕಾರದವರು ಬಂದು ಸ್ಥಳ ನೋಡಲಿ. ಅವರು ಸ್ಮಶಾನ ಎಂದರೆ ಸ್ಮಶಾನ. ಅಲ್ಲ ಎಂದರೆ, ನಾನು ನಿಮ್ಮವರ ಬಗ್ಗೆ ತೋರಿಸಿದ ಸಹನೆಯನ್ನು ನೀವೂ ನನ್ನ ಬಗ್ಗೆ ತೋರಿಸುತ್ತೀರಿ ಎಂದು ನಂಬಿದ್ದೇನೆ.

ಊರಿಗೆ ಬಂದಾಗ ಬಂಗಲೆಗೆ ಬನ್ನಿ. ಸಂಕೋಚ ಬೇಡ.

ವಿಶ್ವಾಸವಿರಲಿ,
ಪ್ರಶಾಂತ್

* * *

ಎಸ್ಟೇಟ್ ಲೈನ್
21 ಜನವರಿ 2002

ಮಗಳಿಗೆ,

ನಿನ್ನ ಅರ್ಜಿಯ ಮೇಲೆ ಮೊನ್ನೆ ತಾಲೂಕು ಕಚೇರಿಯ ಅಧಿಕಾರಿ ಬಂದಿದ್ದರು. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಗಾಳಿಕಟ್ಟೆಯಲ್ಲಿ ತಲೆಗಲ್ಲುಗಳನ್ನು ಎಣಿಸಿದರು. ಮೂವತ್ತೊಂದು. ಮೇಸ್ತ್ರಿ ಯಾರು ಎಂದರು. ನಾನು ಎಂದೆ. ಸಣ್ಣ ಸಾವ್ಕಾರರು ದೂರದಲ್ಲಿ ಸಿಲ್ವರ್ ಮರದ ಕೆಳಗೆ ನಿಂತಿದ್ದರು. ಮಾತು ಕೇಳಿಸದಿರಲಿ ಎಂದು ಬೇಕೆಂದೇ ದೂರ ಹೋಗಿದ್ದರು. ಅದನ್ನೂ ಹೇಳಬೇಕು.

“ಎಷ್ಟು ಕಾಲದಿಂದ ಇಲ್ಲಿ ಹೂಳ್ತಿದ್ದೀರಪ್ಪ?”

“ನಮ್ಮಜ್ಜಿ ಕಾಲದಿಂದ ಸ್ವಾಮಿ.”

“ಕೇಳಿ ಹೂಳ್ತಿದ್ರೋ, ಹಂಗೇ ಹೂಳ್ತಿದ್ರೋ?”

“ಅಯ್ಯೋ, ಕೇಳ್ದೆ ಹೂಳದುಂಟಾ ಸ್ವಾಮಿ? ಒಂದು ಹೆಣಾನೂ ಕೇಳ್ದೆ ಹೂಳಿಲ್ಲ.”

ಅವರಿಗೆ ನಮ್ಮ ಪದ್ಧತಿ ಗೊತ್ತಿರಲಿಲ್ಲ. ವಿವರಿಸಿ ಹೇಳಿದೆ. ಲೈನಿನಲ್ಲಿ ಯಾರಾದರೂ ಸತ್ತರೆ ಆ ಮನೆಯ ಗಂಡಸು ಬಂಗಲೆಯ ಅಂಗಳಕ್ಕೆ ಹೋಗಿ, ಹೆಗಲ ಟವೆಲನ್ನು ಸೊಂಟಕ್ಕೆ ಸುತ್ತಿಕೊಂಡು, ‘ಮಣ್ಣು ಕೊಡ್ಬೇಕು’ ಎಂದು ಕೇಳುತ್ತಾನೆ. ಸಾವ್ಕಾರರು ಉಗ್ರಾಣದಿಂದ ಗುದ್ದಲಿ ತೆಗೆಸಿ ಅವನ ಮುಂದೆ ಇಡಿಸುತ್ತಾರೆ. ಆ ಗುದ್ದಲಿಯಲ್ಲೇ ಅಗೆಯಬೇಕು. ನಿನ್ನಮ್ಮ ಹೋದಾಗ ದೊಡ್ಡವರು ಊಟಕ್ಕೆ ಕೂತಿದ್ದರು. ಅರ್ಧಕ್ಕೇ ಎದ್ದು ಬಂದು ಗುದ್ದಲಿ ಕೊಡಿಸಿದರು. ಅದನ್ನೂ ಹೇಳಿದೆ. ನಾವು ಕಂಡಕಂಡಲ್ಲಿ ಹೂಳುವ ಜನ ಅಲ್ಲ ಎಂದು ಅವರಿಗೆ ಗೊತ್ತಾಗಲಿ ಎಂದು ಹೇಳಿದೆ.

“ಗುದ್ದಲಿ ಕೊಡದೆ ಇದ್ರೆ?”

“ಕೊಡದೆ ಇದ್ದಿದ್ದಿಲ್ಲ.”

“ಇದ್ರೆ ಅಂತ ಕೇಳಿದ್ದು.”

“ಕೊಡದೆ ಇದ್ರೆ ಹೆಂಗೆ ಹೂಳದು ಸ್ವಾಮಿ?”

ಅವರು ಬರೆದುಕೊಂಡು ಓದಿ ಹೇಳಿದರು. ಪ್ರತಿ ಸಲವೂ ಮಾಲೀಕರ ಅನುಮತಿ ಪಡೆದೇ ಹೂಳಿರುವುದರಿಂದ ಈ ಜಾಗದ ಮೇಲೆ ಲೈನಿನವರಿಗೆ ಯಾವ ಹಕ್ಕೂ ಇರುವುದಿಲ್ಲ, ಇದು ಮೇಸ್ತ್ರಿ ಚಿಕ್ಕಯ್ಯನವರ ಹೇಳಿಕೆ ಎಂದು. ನಾನು ಹಾಗೆ ಹೇಳಿರಲಿಲ್ಲ. ಆದರೆ ಅದರಲ್ಲಿ ಸುಳ್ಳು ಎಲ್ಲಿದೆ ಎಂದು ತೋರಿಸಲು ಆಗಲಿಲ್ಲ. ರುಜು ಹಾಕಿದೆ.

ನಿಂಗಯ್ಯ ಎಲ್ಲರೆದುರು ಉಗಿದ. “ಮರ್ಯಾದಸ್ಥ ಆಗಕ್ಕೆ ಹೋದೆಯಲ್ಲೋ. ಸುಮ್ನೆ ಹೂಳ್ತಿದ್ವಿ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

ಅಪ್ಪ

* * *

ಕಡೂರು
27 ಜನವರಿ 2002

ಅಪ್ಪಾ,

ನಾಲ್ಕು ಸಲ ತಾಲೂಕು ಕಚೇರಿಗೆ ಅಲೆದು ಆ ಅಧಿಕಾರಿಯನ್ನು ಅಲ್ಲಿಗೆ ಕಳಿಸಿದವಳು ನಾನು. ಮೂವತ್ತೊಂದು ತಲೆಗಲ್ಲು ಕಣ್ಣೆದುರಿಗಿತ್ತು. ಅಷ್ಟೇ ಸಾಕಿತ್ತು. ನೀನು ಬಾಯಿ ತೆರೆಯುವ ಅಗತ್ಯವೇ ಇರಲಿಲ್ಲ.

ನೀನು ಸಹಿಸಿಕೊಂಡದ್ದೆಲ್ಲ ಸವೆದು ಹೋಗುತ್ತದೆ ಎಂದುಕೊಂಡಿದ್ದೆ. ಅದೆಲ್ಲ ಅವರ ಕಡೆಗೆ ದಾಖಲೆಯಾಗುತ್ತಾ ಇತ್ತು. ಅಮ್ಮನಿಗೆ ಒಂದು ಸಲ ಮಣ್ಣು ಬೇಡಿದೆ. ಈಗ ಆ ಮಣ್ಣನ್ನು ನೀನೇ ವಾಪಸು ಕೊಟ್ಟೆ.

ಯಾರ ಮಗಳು ಎಂದು ಹೇಳಿಕೊಳ್ಳಲು ಇವತ್ತು ನನಗೆ ನಾಚಿಕೆಯಾಗುತ್ತಿದೆ.

ಮೋನಿಕಾ

* * *

ಎಸ್ಟೇಟ್ ಲೈನ್
9 ಫೆಬ್ರವರಿ 2002

ಮಗಳಿಗೆ,

ನೀನು ಬರೆದದ್ದರಲ್ಲಿ ಒಂದು ಮಾತಿಗೆ ಮಾತ್ರ ಉತ್ತರ ಬರೆಯುತ್ತೇನೆ. ಕೊನೆಯ ಮಾತಿಗೆ.

ಹೋದ ವರ್ಷ ಸಂಕ್ರಾಂತಿಗೆ ಮುಂಚೆ ನಾನು ಕಡೂರಿಗೆ ಬಂದಿದ್ದೆ. ನೀನು ಬರಬೇಡ ಎಂದಿದ್ದೆ, ಆದರೂ ಬಂದೆ. ತೋಟದ ಕಿತ್ತಳೆ ಈ ಸಲ ಸಿಹಿಯಾಗಿದೆ ಎಂದು ಒಂದು ಚೀಲ ತಂದಿದ್ದೆ. ಶಾಲೆಯ ಮುಂದಿನ ಅಂಗಡಿಯವರು ಮನೆ ತೋರಿಸಿದರು. ನೀನಿನ್ನೂ ಬಂದಿರಲಿಲ್ಲ. ಶಿವಗಂಗಮ್ಮನವರು ಬಾಗಿಲಿಗೆ ಬಂದು, “ಯಾರು ಬೇಕಿತ್ತು? ನೀವು ಮಿಸ್ಸಿಗೆ ಏನಾಗ್ಬೇಕು?” ಎಂದರು.

ಅವರ ಕೊರಳಲ್ಲಿ ಲಿಂಗದ ಕರಡಿಗೆ ಇತ್ತು, ಒಳಗೆ ದೇವರ ದೀಪ ಕಾಣುತ್ತಿತ್ತು. ನೀನು ಶಾಲೆಯ ವಿಳಾಸವನ್ನೇ ಏಕೆ ಕೊಟ್ಟೆ ಎಂದು ಆಗ ತಿಳಿಯಿತು.

“ಏನೂ ಆಗಲ್ಲ ಅಮ್ಮ. ಅವ್ರ ಊರಿನ ತೋಟದ ಆಳು. ಈ ಕಡೆ ಬರ್ತಿದ್ದೆ, ಮನೆಯವ್ರು ಹಣ್ಣು ಕೊಟ್ಟು ಕಳ್ಸಿದ್ರು” ಎಂದು ಮೆಟ್ಟಿಲ ಮೇಲೆ ಇಟ್ಟು ಬಂದೆ.

ಹಣ್ಣು ನಿನಗೆ ಮುಟ್ಟಿರಬೇಕು. ನೀನು ಅದನ್ನು ಬರೆಯಲಿಲ್ಲ. ನಾನೂ ಕೇಳಲಿಲ್ಲ.

ಇದನ್ನು ಬೈಯಲು ಬರೆದಿಲ್ಲ. ನಿನಗೆ ಬಾಡಿಗೆಗೆ ಮನೆ ಸಿಗುವುದು ಎಷ್ಟು ಕಷ್ಟ ಎಂದು ಗೊತ್ತು. ನನ್ನ ಸಹನೆಯಿಂದ ಸಾವ್ಕಾರರಿಗೆ ಮಾತ್ರ ಲಾಭವಾಯಿತು ಎಂದು ತಿಳಿಯಬೇಡ ಎನ್ನಲು ಬರೆದೆ.

ಇದೇ ಇಪ್ಪತ್ತನೇ ತಾರೀಕು ಬುಧವಾರ ಸಮಾಧಿಗಳನ್ನು ತೆಗೆಯುತ್ತಾರೆ. ಮನೆಯವರು ನಿಂತ ಸಮಾಧಿಯನ್ನು ಮಾತ್ರ ಅಗೆದು ಹಳ್ಳದ ಬದಿಗೆ ಸಾಗಿಸುತ್ತಾರೆ. ಯಾರೂ ನಿಲ್ಲದ್ದನ್ನು ಜೆಸಿಬಿ ಸಮ ಮಾಡುತ್ತದೆ. ನಾನು ಮೇಸ್ತ್ರಿ, ಆವತ್ತು ಕೆಲಸ ಮಾಡಿಸುವವನು. ಮನೆಯವನಾಗಿ ಪಕ್ಕದಲ್ಲಿ ನಿಲ್ಲಲು ಆಗುವುದಿಲ್ಲ. ನಿನ್ನಮ್ಮನಿಗೆ ನೀನೊಬ್ಬಳೇ.

ಬಂದರೆ ಬೆಳಗಿನ ಎಂಟು ಗಂಟೆಯೊಳಗೆ ಬಾ.

ಅಪ್ಪ

* * *

ಕಡೂರು
19 ಫೆಬ್ರವರಿ 2002

ಶಿವಗಂಗಮ್ಮನವರಿಗೆ,

ನೀವು ಮಠಕ್ಕೆ ಹೋಗಿರುವುದರಿಂದ ಈ ಚೀಟಿಯನ್ನು ಬಾಗಿಲ ಕೆಳಗೆ ಹಾಕಿದ್ದೇನೆ. ನೀವು ಇದ್ದಿದ್ದರೆ ಬಾಯಿಬಿಟ್ಟು ಹೇಳುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ.

ಎರಡು ದಿನ ಊರಿಗೆ ಹೋಗುತ್ತಿದ್ದೇನೆ. ನನ್ನ ತಾಯಿಯ ಹೆಸರು ಅಂಜನಮ್ಮ. ಕಾಫಿ ತೋಟದಲ್ಲಿ ಕೂಲಿ ಮಾಡುತ್ತಿದ್ದರು. ಅವರ ಸಮಾಧಿಯನ್ನು ನಾಳೆ ಬೇರೆ ಕಡೆಗೆ ಸಾಗಿಸುತ್ತಾರೆ. ನಾವು ಪರಿಶಿಷ್ಟ ಜಾತಿಯವರು. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಹೋದ ವರ್ಷ ಕಿತ್ತಳೆ ತಂದುಕೊಟ್ಟವರು ತೋಟದ ಆಳಲ್ಲ. ನನ್ನ ತಂದೆ.

ಬಂದ ಮೇಲೆ ಮಾತಾಡುತ್ತೇನೆ.

ಮೋನಿಕಾ

* * *

ಕಡೂರು
24 ಫೆಬ್ರವರಿ 2002

ಅಪ್ಪಾ,

ಬುಧವಾರ ನಾವು ಮಾತಾಡಲೇ ಇಲ್ಲ. ನೀನು ಅಗೆಯುವವರಿಗೆ “ಮೆತ್ತಗೆ, ಮೆತ್ತಗೆ” ಎನ್ನುತ್ತಿದ್ದೆ. ಅಮ್ಮನ ಹಸಿರು ಬಳೆಯ ಚೂರುಗಳು ಮೇಲೆ ಬಂದಾಗ ಬೆನ್ನು ತಿರುಗಿಸಿ ಪಕ್ಕದ ಸಾಲಿನವರಿಗೂ ಅದನ್ನೇ ಹೇಳಿದೆ. ಮೂಳೆ ತುಂಬಿದ ಮಡಕೆಯನ್ನು ಹಳ್ಳದವರೆಗೆ ಹೊತ್ತದ್ದು ನಾನು. ಒಂದನೇ ತರಗತಿಯ ಮಗುವಿನ ಚೀಲದಷ್ಟೂ ಭಾರವಿರಲಿಲ್ಲ. ಪ್ರಶಾಂತ್ ಅವರು ಚಪ್ಪಲಿ ಬಿಟ್ಟು, ಕೈ ಮುಗಿದು, ಕೊನೆಯವರೆಗೂ ನಿಂತಿದ್ದರು. “ಏನೂ ತೊಂದ್ರೆ ಆಗ್ಲಿಲ್ಲ ತಾನೆ?” ಎಂದು ಕೇಳಿದರು. ಊರಿಗೆ ಬರುವ ಬಸ್ಸಿನಲ್ಲಿ ವಸ್ತಾರೆ ದಾಟುವವರೆಗೂ ಅವರಿಗೆ ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಲೇ ಬಂದಿದ್ದೆ. “ಇಲ್ಲ” ಎಂದೆ.

ಇಲ್ಲಿಗೆ ಬಂದಾಗ ಶಿವಗಂಗಮ್ಮ ಬಾಗಿಲಲ್ಲೇ ಕೂತಿದ್ದರು. ಊರಿಗೆ ಹೊರಡುವ ಮುಂಚೆ ಅವರಿಗೆ ಎಲ್ಲವನ್ನೂ ಚೀಟಿಯಲ್ಲಿ ಬರೆದಿಟ್ಟಿದ್ದೆ. ಮನೆ ಬಿಡು ಎನ್ನುತ್ತಾರೆಂದೇ ಇದ್ದೆ.

“ಚೀಟಿ ಯಾಕೆ ಬರ್ದೆ? ಅವತ್ತು ನಿಮ್ಮಪ್ಪ ಬಂದಾಗ್ಲೇ ನಂಗೆ ಗೊತ್ತಾಯ್ತು. ಮೂಗು ಒಂದೇ ಥರ ಇದೆ. ನಾನೇನು ಹಳೇ ಕಾಲದೋಳಲ್ಲಮ್ಮ. ಇರು, ನಿಂಗೆ ಎಷ್ಟು ದಿನ ಬೇಕೋ ಅಷ್ಟು ದಿನ ಇರು” ಎಂದರು.

ಅಳು ಬಂತು. ಅವರ ಕೈ ಹಿಡಿದುಕೊಳ್ಳಬೇಕೆಂದುಕೊಂಡೆ. ಅವರು ಒಳಗೆ ಹೋಗಿ ನನಗೆಂದು ಎತ್ತಿಟ್ಟಿದ್ದ ಉಪ್ಪಿಟ್ಟು ತಂದು ಮೆಟ್ಟಿಲ ಮೇಲೆ ಇಟ್ಟರು. ಮುತ್ತುಗದ ಎಲೆಯಲ್ಲಿತ್ತು.

ಮೊದಲೆಲ್ಲ ಅವರು ಏನು ಕೊಟ್ಟರೂ ಸ್ಟೀಲಿನ ಡಬ್ಬಿಯಲ್ಲಿ ಕೊಡುತ್ತಿದ್ದರು. ನಾನು ತೊಳೆದು ಹಿಂತಿರುಗಿಸುತ್ತಿದ್ದೆ. ಎಲೆಯಲ್ಲಿ ಕೊಡಲು ಶುರು ಮಾಡಿದ್ದು ಹೋದ ವರ್ಷದ ಸಂಕ್ರಾಂತಿಯ ಎಳ್ಳಿನಿಂದ. “ಪಾಪ, ಸ್ಕೂಲಿಂದ ಸುಸ್ತಾಗಿ ಬರ್ತೀಯ, ತೊಳಿಯೋ ಕೆಲ್ಸ ಇರಲ್ಲ” ಎಂದಿದ್ದರು. ನನಗೆ ಎಷ್ಟು ಸಂತೋಷವಾಗಿತ್ತೆಂದರೆ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡಿದ್ದೆ. ಹದಿಮೂರು ತಿಂಗಳು ಅವರು ಎಲೆಯಲ್ಲಿ ಕೊಟ್ಟರು, ನಾನು ಉಂಡೆ.

ಉಪ್ಪಿಟ್ಟನ್ನು ಮೇಲೆ ತಂದೆ. ತಿಂದೆ ಕೂಡ. ಹಸಿವಾಗಿತ್ತು.

ಆ ಕಿತ್ತಳೆಯ ಚೀಲವನ್ನು ನೋಡಿದ ಕೂಡಲೇ ಗುರುತು ಸಿಕ್ಕಿತ್ತು ಅಪ್ಪಾ. ನೀನು ಅದರ ಬಾಯನ್ನು ಅಮ್ಮ ಕಟ್ಟುತ್ತಿದ್ದ ಹಾಗೆಯೇ ಕಟ್ಟಿದ್ದೆ. ಯಾರು ತಂದರು ಎಂದು ನಾನು ಅವರನ್ನು ಕೇಳಲೇ ಇಲ್ಲ.

ಮಾರ್ಚ್ ಹತ್ತರ ಭಾನುವಾರ ಬಾ. ಹಗಲು ಹೊತ್ತಿನಲ್ಲಿ, ಎದುರು ಬಾಗಿಲಿಗೆ ಬಂದು ನನ್ನ ಹೆಸರು ಹಿಡಿದು ಕೂಗು. ಅವರ ಜಗುಲಿಯಲ್ಲಿಯೇ ಕೂತು ಊಟ ಮಾಡೋಣ. ಏನಾಗುತ್ತದೋ ಆಗಲಿ. ಬರುತ್ತೇನೆ ಎಂದು ಒಂದು ಸಾಲು ಬರೆ. ಶಾಲೆಗಲ್ಲ, ಮನೆಗೆ. ವಿಳಾಸವನ್ನು ಹಿಂದೆ ಬರೆದಿದ್ದೇನೆ.

ನಿನ್ನ ಮಗಳು
ಮೋನಿಕಾ

* * *

ಎಸ್ಟೇಟ್ ಲೈನ್
4 ಮಾರ್ಚ್ 2002

ಮಗಳಿಗೆ,

ಕಾಗದ ತಲುಪಿತು. ಎರಡು ಸಲ ಓದಿದೆ.

ನಾನು ಬರುವುದಿಲ್ಲ. ಸಿಟ್ಟಿನಿಂದ ಹೇಳುತ್ತಿಲ್ಲ. ನನಗೆ ಈಗ ಸಿಟ್ಟಿಲ್ಲ.

ಶಿವಗಂಗಮ್ಮನವರು ಒಳ್ಳೆಯವರು. ಗೊತ್ತಿದ್ದೂ ವರ್ಷವೆಲ್ಲ ನಿನ್ನನ್ನು ಇಟ್ಟುಕೊಂಡರು, ಇನ್ನು ಮುಂದೆಯೂ ಇರು ಎಂದರು. ಅಷ್ಟನ್ನು ಎಷ್ಟು ಜನ ಮಾಡುತ್ತಾರೆ? ನಾನು ಬಂದು ಜಗುಲಿಯಲ್ಲಿ ಕೂತರೆ ಅವರು ಏನಾದರೂ ಒಂದು ತೀರ್ಮಾನ ಮಾಡಬೇಕಾಗುತ್ತದೆ. ಒಳಗೆ ಕರೆಯಬೇಕು, ಇಲ್ಲ ಎಬ್ಬಿಸಬೇಕು. ಎರಡೂ ಅವರಿಗೆ ಕಷ್ಟ. ನಾನು ಬರದಿದ್ದರೆ ಯಾರೂ ಏನೂ ಮಾಡಬೇಕಾಗಿಲ್ಲ.

ಗಾಳಿಕಟ್ಟೆ ಈಗ ಅಂಗೈಯಂತೆ ಸಮವಾಗಿದೆ. ಹಳ್ಳದ ಬದಿಯಲ್ಲಿ ಸಾಲುಗಳನ್ನು ಒತ್ತೊತ್ತಾಗಿ ಹಾಕಿಸಿದ್ದಾರೆ, ಮೂವತ್ತೊಂದು ಹಿಡಿಯಬೇಕಲ್ಲ. ಯಾರ ಪಕ್ಕದಲ್ಲೂ ಜಾಗ ಉಳಿದಿಲ್ಲ. ಇದನ್ನು ಯಾರಿಗೂ ಹೇಳಿಲ್ಲ, ಸಣ್ಣ ಸಾವ್ಕಾರರಿಗೂ ಹೇಳಿಲ್ಲ. ಹೇಳಿದರೆ ಪಾಪ, ಅವರು ಬೇಜಾರು ಮಾಡಿಕೊಳ್ಳುತ್ತಾರೆ.

ನೀನು ಆ ಮನೆ ಬಿಡಬೇಡ. ಅವರು ಏನು ಕೊಟ್ಟರೂ ಬೇಡ ಎನ್ನಬೇಡ.

ಅಪ್ಪ
ಚಿಕ್ಕಯ್ಯ

ಈ ಕಾಗದವನ್ನೂ ಶಾಲೆಗೇ ಹಾಕಿದ್ದೇನೆ.